ನೆತ್ತಿಯ ಮೇಲಿನ ಮಣ್ಣು

ನಾನು ಒಂದು ಮನೆ. ಅರಮನೆಯಲ್ಲ, ಬಂಗಲೆಯೂ ಅಲ್ಲ. ಬೆಟ್ಟದ ಇಳಿಜಾರಿಗೆ ಬೆನ್ನು ಕೊಟ್ಟು ಕೂತ, ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ, ಎರಡು ಅಂತಸ್ತಿನ ಹಳ್ಳಿಮನೆ. ಇರುವುದು ಸ್ಪೇನ್ ದೇಶದ ದಕ್ಷಿಣಕ್ಕೆ, ಆಲ್ಪುಹಾರ ಎಂಬ ಗುಡ್ಡಗಾಡಿನಲ್ಲಿ. ಊರಿನ ಹೆಸರು ಹೇಳಲು ಹೋದರೆ ನಿಮ್ಮ ನಾಲಿಗೆ ತೊಡರೀತು. ದ್ಯಾಮವ್ವ ಬಂದ ಮೊದಲ ವಾರವೇ ಆ ಹೆಸರಿನ ಗೊಡವೆ ಬಿಟ್ಟು ‘ಮ್ಯಾಲಿನೂರು’ ಎಂದು ಕರೆದಳು. ಈಗ ನಾನೂ ಹಾಗೇ ಕರೆಯುತ್ತೇನೆ.

ಸ್ಪೇನಿನ ಮನೆಗೆ ಕನ್ನಡ ಹೇಗೆ ಬಂತು ಎಂದು ಹುಬ್ಬೇರಿಸಬೇಡಿ. ಒಳಗಿರುವವರು ಯಾವ ಭಾಷೆಯಲ್ಲಿ ಜಗಳವಾಡುತ್ತಾರೋ ಅದೇ ಮನೆಯ ಭಾಷೆ. ಆ ಲೆಕ್ಕದಲ್ಲಿ ದ್ಯಾಮವ್ವ ಮತ್ತು ಫಕೀರಪ್ಪ ಆರೇ ತಿಂಗಳಲ್ಲಿ ನನಗೆ ಕನ್ನಡವನ್ನು ಅಚ್ಚುಕಟ್ಟಾಗಿ ಕಲಿಸಿದರು. ಅವರನ್ನು ಏಕವಚನದಲ್ಲಿ ಕರೆಯುತ್ತೇನೆಂದು ತಪ್ಪು ತಿಳಿಯಬಾರದು. ಇಬ್ಬರೂ ಅರವತ್ತರ ಆಚೀಚೆಯವರು, ನನಗೆ ಇನ್ನೂರು ದಾಟಿದೆ.

ನನ್ನನ್ನು ಕಟ್ಟಿಸಿದವನು ಆನ್ಸೆಲ್ಮೊ. ಹೇಸರಗತ್ತೆಗಳ ಮೇಲೆ ಬಾದಾಮಿ, ಒಣ ಅಂಜೂರ ಹೇರಿಕೊಂಡು ಸಮುದ್ರದಂಡೆಗೆ ಇಳಿಯುವುದು, ಅಲ್ಲಿಂದ ಉಪ್ಪು, ಒಣಮೀನು ಹೇರಿಕೊಂಡು ಬೆಟ್ಟ ಹತ್ತುವುದು ಅವನ ಕಸುಬು. ಮದುವೆ ಗೊತ್ತಾದ ಮೇಲೆ ನನಗೆ ಅಡಿಪಾಯ ತೋಡಿದ. ಎರಡು ಮೊಳ ದಪ್ಪದ ಗೋಡೆ ಎಬ್ಬಿಸಿದ. ಕೆಳಗೆ ಹೇಸರಗತ್ತೆಗಳಿಗೆ, ಮೇಲೆ ಮನುಷ್ಯರಿಗೆ ಎಂದು ಪಾಲು ಮಾಡಿದ. ಗೋಡೆಯ ಮೇಲೆ ಚೆಸ್ಟ್‌ನಟ್ ಮರದ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೆಳ್ಳಗಿನ ಕಲ್ಲುಚಪ್ಪಡಿ. ಎಲ್ಲಕ್ಕಿಂತ ಮೇಲೆ, ನನ್ನ ನೆತ್ತಿಗೆ, ಒಂದು ಗೇಣಿಗೂ ಹೆಚ್ಚು ಬೂದುಬಣ್ಣದ ಮಣ್ಣು. ಆ ಮಣ್ಣಿಗೆ ಈ ಸೀಮೆಯಲ್ಲಿ ಲೌನಾ ಎನ್ನುತ್ತಾರೆ. ಗುಡ್ಡದ ಮಗ್ಗುಲಲ್ಲಿ ಅಗೆದರೆ ಸಿಗುತ್ತದೆ. ಒಣಗಿದ್ದಾಗ ಹಿಟ್ಟಿನ ಹಾಗೆ ಉದುರುತ್ತದೆ, ನೆನೆದಾಗ ಬಿಗಿದುಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ನನ್ನ ಇಡೀ ಮರ್ಯಾದೆ ಇರುವುದು ಆ ಮಣ್ಣಿನ ಮೇಲೆ.

ಆನ್ಸೆಲ್ಮೊನ ನಂತರ ಮಗ, ಮಗನ ನಂತರ ಮೊಮ್ಮಗಳು ದೊಲೋರೆಸ್ ಬಾಳಿದರು. ದೊಲೋರೆಸ್ ನನ್ನ ಮಾಳಿಗೆಯ ಮೇಲೆ ಕೆಂಪು ಮೆಣಸಿನಕಾಯಿ ಒಣಹಾಕಿದರೆ ಕೆಳಗಿನ ಊರಿಗೂ ಕಾಣುತ್ತಿತ್ತು. ಆಮೇಲಿನವನು ಅವಳ ಮೊಮ್ಮಗ ಹೊಸೆ, ಬಡಗಿ. ಊರಲ್ಲಿ ಕುರ್ಚಿ, ಕಿಟಕಿ ಮಾಡಿಸುವವರು ಕಡಿಮೆಯಾದ ಮೇಲೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಾರ್ಸಿಲೋನಾಕ್ಕೆ ಹೋದ. ಹೋಗುವಾಗ ಬೀಗದಕೈಯನ್ನು ಎದುರುಮನೆಯ ಎಂಕಾರ್ನಾ ಕೈಗೆ ಕೊಟ್ಟು, ಬರುವ ಬೇಸಿಗೆಗೆ ಬರುತ್ತೇನೆ ಎಂದ. ಆ ಬೇಸಿಗೆ ಬರಲೇ ಇಲ್ಲ.

ಇಪ್ಪತ್ತಾರು ವರ್ಷ ಖಾಲಿ ನಿಂತೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಎಂಕಾರ್ನಾ ಗಟ್ಟಿ ಹೆಂಗಸು. ವರ್ಷಕ್ಕೊಮ್ಮೆ ಕಿಟಕಿ ತೆರೆದು, ಗುಡಿಸಿ, ಬೈಯುತ್ತಾ ಬೀಗ ಹಾಕುತ್ತಿದ್ದಳು. ಆದರೆ ಮಾಳಿಗೆಗೆ ಹೊಸ ಮಣ್ಣು ಏರಿಸುವುದು ಒಬ್ಬಳ ಕೈಲಾಗದ ಕೆಲಸ. ಗೋಡೆಯಲ್ಲಿ ಅಂಜೂರದ ಸಸಿ ಹುಟ್ಟಿತು. ನೆತ್ತಿಯ ಮೇಲೆ ಹುಲ್ಲು ಬೆಳೆಯಿತು. ಇಳಿಜಾರಿನ ಊರಲ್ಲವೇ, ಮೇಲಿನ ಓಣಿಯಿಂದ ನನ್ನ ಮಾಳಿಗೆಗೆ ಒಂದೇ ಹೆಜ್ಜೆ. ಒಂದು ಆಡು ಆ ಹುಲ್ಲಿನ ಆಸೆಗೆ ಬಂದು, ಮೆದುವಾದ ಜಾಗದಲ್ಲಿ ಕಾಲಿಟ್ಟು, ಮಣ್ಣು ಚಪ್ಪಡಿ ಸಮೇತ ಅಡುಗೆಮನೆಗೆ ಬಿತ್ತು. ಆಡಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ನೆತ್ತಿಯಲ್ಲಿ ತೊಟ್ಟಿಲಗಲದ ತೂತಾಯಿತು.

ಪಕ್ಕದಲ್ಲೇ ರಾಮಿರೋ ಎಂಬವನ ವಸತಿಗೃಹ. ಪ್ರವಾಸಿಗರು ಬಂದರೆ ಕಾರು ನಿಲ್ಲಿಸಲು ಜಾಗವಿಲ್ಲ. ನನ್ನನ್ನು ಕೊಂಡು, ಕೆಡವಿ, ನೆಲ ಸಮ ಮಾಡಿದರೆ ಒಂಬತ್ತು ಕಾರು ನಿಲ್ಲುತ್ತವೆ ಎಂದು ಅವನು ಅಳತೆಪಟ್ಟಿ ಹಿಡಿದು ನೋಡಿಕೊಂಡು ಹೋಗಿದ್ದ. ಕೆಟ್ಟವನೇನಲ್ಲ. ಆದರೆ ನನ್ನ ಮುಂದೆ ನಿಂತು ನನ್ನ ಬದಲಿಗೆ ಕಾರುಗಳನ್ನು ಕಾಣುವವನ ಮೇಲೆ ನನಗೆ ಪ್ರೀತಿ ಹುಟ್ಟುವುದಾದರೂ ಹೇಗೆ?

ಅಂಥ ಹೊತ್ತಿನಲ್ಲಿ ಬಂದವರು ಫಕೀರಪ್ಪ ಮತ್ತು ದ್ಯಾಮವ್ವ.

ಇವರು ಗದಗ ಜಿಲ್ಲೆಯ ರೋಣದ ಕಡೆಯವರು. ಫಕೀರಪ್ಪ ಮುಂಬೈಯಲ್ಲಿ ಏರ್ ಕಂಡೀಷನರ್ ರಿಪೇರಿ ಕಲಿತು, ಸಿಂಧಿ ವ್ಯಾಪಾರಿಯೊಬ್ಬನ ಜೊತೆ ಮಾಲಗ ಪಟ್ಟಣಕ್ಕೆ ಬಂದು, ಸಮುದ್ರದಂಡೆಯ ಹೋಟೆಲೊಂದರಲ್ಲಿ ಇಪ್ಪತ್ತೆಂಟು ವರ್ಷ ದುಡಿದವನು. ಅದೇ ಹೋಟೆಲಿನ ಬಟ್ಟೆ ಒಗೆಯುವ ವಿಭಾಗಕ್ಕೆ ದ್ಯಾಮವ್ವ ಮುಖ್ಯಸ್ಥೆ. ಇಬ್ಬರಿಗೂ ಸ್ಪ್ಯಾನಿಷ್ ನೀರು ಕುಡಿದಷ್ಟು ಸಲೀಸು. ನಿವೃತ್ತಿಯಾದ ಮೇಲೆ ಒಂದು ಭಾನುವಾರ ಬೆಟ್ಟ ನೋಡಲು ಬಂದವರು ನನ್ನ ಮುಂದೆ ನಿಂತರು. ಫಕೀರಪ್ಪ ನನ್ನ ಮಾಳಿಗೆಯ ಅಂಚಿನಿಂದ ಉದುರಿದ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ. ಎಂಕಾರ್ನಾಳಿಂದ ಬೀಗದಕೈ ಇಸಿದುಕೊಂಡು ಒಳಗೆ ಬಂದ. ತಲೆಯೆತ್ತಿ ನೋಡಿದವನ ಬಾಯಿ ಹಾಗೇ ತೆರೆದುಕೊಂಡಿತು.

“ದ್ಯಾಮೀ, ಬಾ ಇಲ್ಲಿ. ಮ್ಯಾಲ ನೋಡು. ತೊಲಿ, ಜಂತಿ, ಅದರ ಮ್ಯಾಗ ಮಣ್ಣು. ಇದು ನಮ್ಮೂರ ಮನಿ ಐತಿ.”

ದ್ಯಾಮವ್ವ ತೂತನ್ನು ನೋಡಿದಳು. ಅದರ ಕಥೆಯನ್ನು ಎಂಕಾರ್ನಾ ಆಗಲೇ ಹೇಳಿಯಾಗಿತ್ತು.

“ನಮ್ಮೂರಾಗ ಮ್ಯಾಗಿಂದ ಆಡು ಬೀಳ್ತಿದ್ದಿಲ್ಲ ಬಿಡ್ರಿ” ಎಂದಳು.

ಅವನು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಅವನ ಕಣ್ಣಲ್ಲಿ ನೀರಿತ್ತು. ಅವನ ತಂದೆ ಉಪ್ಪಾರ ದುರಗಪ್ಪ ಮೇಸ್ತ್ರಿ ಸುತ್ತ ಹತ್ತೂರಿನ ಮಾಳಿಗೆಗಳಿಗೆ ಮಣ್ಣು ಹಾಕಿದವನು. ಹದಿನೇಳನೆಯ ವಯಸ್ಸಿಗೆ ಫಕೀರಪ್ಪ ಆ ಕೆಲಸ ಬಿಟ್ಟು ಮುಂಬೈ ರೈಲು ಹತ್ತಿದಾಗ ತಂದೆ ತಡೆಯಲಿಲ್ಲ. “ಹೋಗ್ಲಿ ಬಿಡು, ಅವನ ಕೈಗೆ ಮಣ್ಣ ಒಲ್ಯಾಂಗಿಲ್ಲ” ಎಂದನಂತೆ. ಆ ಮಾತು ನಲವತ್ತು ವರ್ಷ ಅವನೊಳಗೆ ಮುಳ್ಳಾಗಿ ಉಳಿದಿತ್ತು. ತಂದೆ ತೀರಿಕೊಂಡಾಗಿತ್ತು, ಊರಿನ ಮಣ್ಣಿನ ಮಾಳಿಗೆಗಳೂ ಒಂದೊಂದಾಗಿ ಹೋಗಿದ್ದವು. ಒಂದೇ ಒಂದು ಮಾಳಿಗೆಯನ್ನು ತನ್ನ ಕೈಯಾರೆ ನಿಲ್ಲಿಸಬೇಕು ಎಂಬ ಹಟ ಅವನಿಗೆ ನನ್ನನ್ನು ನೋಡಿದ ಕ್ಷಣವೇ ಹುಟ್ಟಿತು.

ದ್ಯಾಮವ್ವನಿಗೂ ಮಾಳಿಗೆಯ ನೆನಪಿತ್ತು, ಆದರೆ ಬೇರೆಯದು. ಅವಳು ಹುಟ್ಟಿದ ಮನೆ ಮಳೆಗಾಲವಿಡೀ ಸೋರುತ್ತಿತ್ತು. ಕೌದಿ ಸುತ್ತಿಕೊಂಡು ಮೂಲೆಯಿಂದ ಮೂಲೆಗೆ ಸರಿಯುವುದೇ ಅವಳ ಬಾಲ್ಯ. ಒಂದು ವರ್ಷ ನೆನೆದ ಗೋಡೆ ಕುಸಿದು ಕೊಟ್ಟಿಗೆಯ ಹಸು ಸತ್ತಿತು. ಅವಳವ್ವ ಆ ಹಸುವಿನ ಪಕ್ಕದಲ್ಲಿ ಕೂತಿದ್ದ ರೀತಿ ಅವಳಿಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಹಾಗಾಗಿ ಹೊಸೆಯ ಮಕ್ಕಳಿಂದ ಕೊಳ್ಳುವ ಕಾಗದಕ್ಕೆ ಸಹಿ ಹಾಕುವ ಮೊದಲು ನನ್ನ ಹೊಸ್ತಿಲ ಮೇಲೆ ನಿಂತು ಗಂಡನಿಗೆ ಕರಾರು ಹಾಕಿದಳು.

“ತೊಗೊಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಸೋರೂ ಮನಿಯಾಗ ಹುಟ್ಟೀನಿ, ಸೋರೂ ಮನಿಯಾಗ ಸಾಯಾಕಿ ಅಲ್ಲ. ಮ್ಯಾಳಗಿ ಹಾಕಿದ ಮ್ಯಾಲ ಮೊದಲ್ನೇ ಮಳಿಗೆ ಒಂದ್ ಹನಿ ಒಳಗ ಬಿತ್ತಂದ್ರ, ಆ ರಾಮಿರೋನ ಕೈಯಾಗ ಕೀಲಿ ಕೊಟ್ಟು ಮಾಲಗಕ್ಕ ಹೋಗೂದು.”

“ಆತು. ಮ್ಯಾಲ ನಿಂತು ಮಣ್ಣ ಹಾಕಾಂವ ಯಾರ ಮಗ ಅನ್ನೂದು ನಿನಗ ಗೊತ್ತೈತಿ.”

“ಅದಕ್ಕ ಅಂಜಿಕಿ” ಎಂದಳು ದ್ಯಾಮವ್ವ.

ಹೀಗೆ ನನ್ನ ಪ್ರಾಣ ಒಂದು ಹನಿಗೆ ತೂಗುಬಿತ್ತು. ಮಾತು ಊರಿಗೆಲ್ಲ ಗೊತ್ತಾಯಿತು. ರಾಮಿರೋ ನಕ್ಕು, ಮಳೆ ಬಂದ ಮರುದಿನ ಬರುತ್ತೇನೆ ಎಂದ.

ಮಾರ್ಚ್ ತಿಂಗಳಲ್ಲಿ ಕೆಲಸ ಹಿಡಿದರು. ಅಬ್ಬಾ, ಎಷ್ಟು ಕಾಲವಾಗಿತ್ತು ನನ್ನ ಮೈಗೆ ಕೈ ತಾಗಿ. ಅಂಜೂರದ ಬೇರು ಕಿತ್ತಾಗ ಗೋಡೆಯ ಅರ್ಧ ಕಲ್ಲು ಸಡಿಲವಾದವು. ಫಕೀರಪ್ಪ ಒಂದೊಂದು ಕಲ್ಲಿಗೂ ಸೀಮೆಸುಣ್ಣದಲ್ಲಿ ಅಂಕಿ ಬರೆದು, ಇಳಿಸಿ, ಗಚ್ಚು ತುಂಬಿ, ಅದೇ ಜಾಗಕ್ಕೆ ಕೂರಿಸಿದ. ಹುಳ ತಿಂದ ಎರಡು ತೊಲೆ ತೆಗೆದು ಕೆಳಗಿನ ಕಣಿವೆಯಿಂದ ಹೊಸ ತೊಲೆ ತರಿಸಿದ. ಗೋಡೆಯ ವಿಷಯದಲ್ಲಿ ಅವನ ಕೈ ಚೊಕ್ಕ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ದ್ಯಾಮವ್ವ ಒಳಗೋಡೆಗೆ ಸುಣ್ಣ ಬಳಿದಳು. ದೊಲೋರೆಸ್ ದೀಪ ಇಡುತ್ತಿದ್ದ ಗೂಡಿನಲ್ಲಿ ಎಲ್ಲಮ್ಮನ ಫೋಟೊ ಇಟ್ಟಳು. ಹಿತ್ತಲಲ್ಲಿ ಮೆಂತ್ಯೆ, ಬದನೆ ಹಾಕಿದಳು. ಬದನೆ ಕಾಯಿ ಬಿಟ್ಟ ದಿನ ಅವಳು ಎಂಕಾರ್ನಾಗೆ ಕೂಗಿ ತೋರಿಸಿದ ಸಡಗರ ನೋಡಿದರೆ ಮಾಲಗಕ್ಕೆ ಹಿಂದಿರುಗುವ ಹೆಂಗಸಿನ ಹಾಗೆ ಕಾಣಲಿಲ್ಲ. ಆದರೆ ಕರಾರನ್ನು ಮಾತ್ರ ಸಡಿಲಿಸಲಿಲ್ಲ.

ಆಗಸ್ಟಿನಲ್ಲಿ ಮಾಳಿಗೆಯ ಸರದಿ ಬಂತು. ಇಲ್ಲೇ ನೋಡಿ ನಮ್ಮ ಮೇಸ್ತ್ರಿಯ ಮಗ ಎಡವಿದ್ದು.

ರೋಣದ ಸೀಮೆಯಲ್ಲಿ ಮಾಳಿಗೆಗೆ ಹಾಕುವುದು ಸವಳು ನೆಲದ ಕರಲು ಮಣ್ಣು. ಅದಕ್ಕೆ ಹೊಟ್ಟು ಬೆರೆಸಿ, ನೀರು ಹಾಕಿ, ಕಾಲಲ್ಲಿ ತುಳಿದು, ಹದ ಬಂದ ಮೇಲೆ ಹರವಿ, ಮರದ ಕೊಡತಿಯಿಂದ ಬಡಿದು ಬಡಿದು ನುಣ್ಣಗೆ ಮಾಡುತ್ತಾರಂತೆ. ಫಕೀರಪ್ಪ ಚಾಚೂ ತಪ್ಪದೆ ಅದನ್ನೇ ಮಾಡಿದ. ಶ್ರಾವಣದ ಶುಕ್ಲಪಕ್ಷ, ತಮ್ಮೂರಿನ ಭಟ್ಟರಿಗೆ ಫೋನು ಮಾಡಿ ಕೇಳಿದ ಮುಹೂರ್ತ. ಗುಡ್ಡದಿಂದ ಲೌನಾ ತರಿಸಿ ರಾಶಿ ಹಾಕಿದ. ನಡುವೆ ಗುಂಡಿ ಮಾಡಿ ನೀರು ಸುರಿದ. ಎದುರು ಕಿಟಕಿಯಿಂದ ಎಂಕಾರ್ನಾ ಕೂಗಿದಳು. ಅವಳು ಆಡಿದ್ದು ಅವಳ ಭಾಷೆ, ನಾನು ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

“ಏಯ್, ನೀರು ಹಾಕಬೇಡ. ಆ ಮಣ್ಣಿಗೆ ನೀರು ಹಾಕೋದು ನಿನ್ನ ಕೆಲಸ ಅಲ್ಲ.”

“ಸಿನ್ಯೋರಾ, ನಾನು ಮೇಸ್ತ್ರಿಯ ಮಗ” ಎಂದ ಫಕೀರಪ್ಪ, ಎದೆ ಸೆಟೆಸಿ.

“ನಾನು ಈ ಊರಿನ ಮಗಳು” ಎಂದು ಅವಳು ಕಿಟಕಿ ಮುಚ್ಚಿಕೊಂಡಳು.

ಎರಡು ದಿನ ತುಳಿದ. ಮೂರು ದಿನ ಬಡಿದ. ನನ್ನ ನೆತ್ತಿ ಹಲಗೆಯಂತೆ ನುಣ್ಣಗಾಯಿತು. ದ್ಯಾಮವ್ವ ಹತ್ತಿ ಬಂದು ಅಂಗೈ ಆಡಿಸಿ, “ಚಂದ ಆಗೈತ್ರೀ” ಎಂದಳು. ಅವನ ಮುಖ ಅರಳಿದ್ದನ್ನು ನೋಡಿ ನನಗೆ ಸಂಕಟವಾಯಿತು. ಏಕೆಂದರೆ ನನಗೆ ಗೊತ್ತಿತ್ತು. ನೆನೆಸಿ ಬಡಿದ ಲೌನಾ ಒಣಗುವಾಗ ಒಂದೇ ಮೈಯಾಗಿ ಸೆಟೆದುಕೊಳ್ಳುತ್ತದೆ. ಆಮೇಲೆ ಬಿರಿಯುತ್ತದೆ. ನನಗೆ ಬಾಯಿದ್ದರೆ ಎಂಕಾರ್ನಾಳಿಗಿಂತ ಜೋರಾಗಿ ಬೈಯುತ್ತಿದ್ದೆ.

ಸೆಪ್ಟೆಂಬರಿನ ಬಿಸಿಗಾಳಿಗೆ ಕೂದಲೆಳೆಯಂಥ ಬಿರುಕುಗಳು ಮೂಡಿದವು. ಅವನು ತಿಳಿಗೆಸರು ಮಾಡಿ ಬಟ್ಟೆಯಿಂದ ತುಂಬಿದ. ಒಂದು ಕಡೆ ಮುಚ್ಚಿದರೆ ಎರಡು ಕಡೆ ತೆರೆದುಕೊಂಡಿತು. ಹೆಂಡತಿಗೆ ತಿಳಿಯದ ಹಾಗೆ ದಿನಕ್ಕೆ ನಾಲ್ಕು ಸಲ ಏಣಿ ಹತ್ತುತ್ತಿದ್ದ. ಅವಳಿಗೆ ತಿಳಿದೇ ಇತ್ತು.

ಸೆಪ್ಟೆಂಬರ್ ಇಪ್ಪತ್ತರ ಮಧ್ಯಾಹ್ನ. ದ್ಯಾಮವ್ವ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಫಕೀರಪ್ಪ ತಟ್ಟೆ ಮುಂದಿಟ್ಟುಕೊಂಡು ಬದನೆಕಾಯಿ ಪಲ್ಯದ ಜೊತೆ ಮೊದಲ ರೊಟ್ಟಿ ಮುರಿದಿದ್ದ. ಹೊರಗೆ ಸಣ್ಣಗೆ ಹನಿಯತೊಡಗಿತು. ಬಿಸಿಲೂ ಇತ್ತು, ಮಳೆಯೂ ಇತ್ತು. ಇಬ್ಬರೂ ತಲೆಯೆತ್ತಿ ಮೇಲೆ ನೋಡಿದರು. ಹತ್ತು ನಿಮಿಷ ನಾನು ಮೈಯೆಲ್ಲ ಬಿಗಿಹಿಡಿದು ನಿಂತೆ. ಆಮೇಲೆ ನನ್ನಿಂದಾಗಲಿಲ್ಲ. ಒಲೆಯ ನೇರಕ್ಕೆ ಜಂತಿಯಿಂದ ಒಂದು ಹನಿ ಕಳಚಿ ಕಾದ ಹಂಚಿನ ಮೇಲೆ ಬಿತ್ತು. ಚುಂಯ್ ಎಂದಿತು.

ಫಕೀರಪ್ಪ ಮುರಿದ ತುತ್ತನ್ನು ತಟ್ಟೆಯಲ್ಲೇ ಇಟ್ಟ. ಇನ್ನೊಂದು ಹನಿ ಬಿತ್ತು. ದ್ಯಾಮವ್ವ ರೊಟ್ಟಿ ತಿರುವಿಹಾಕಿದಳು.

“ಮಾತ್ ಅಂದ್ರ ಮಾತು” ಎಂದು ಅವನು ಎದ್ದ. “ರಾಮಿರೋಗ ಹೇಳಿ ಬರ್ತೀನಿ. ನಮ್ಮಪ್ಪ ಸುಳ್ಳ ಹೇಳಿದ್ದಿಲ್ಲ. ನನ್ನ ಕೈಗೆ ಮಣ್ಣ ಒಲೀಲಿಲ್ಲ.”

“ಕುಂದರ್ರಿ” ಎಂದಳು ದ್ಯಾಮವ್ವ. “ರೊಟ್ಟಿ ಆರತೈತಿ.”

“ಹನಿ ಬಿತ್ತಲ್ಲ.”

“ಬಿತ್ತು. ನಾ ಹೇಳಿದ್ದು ಮಳಿಗೆ. ಇದಕ್ಕ ಮಳಿ ಅಂತಾರೇನು? ಉತ್ತರಿ ಮುಗಿಯಾಕ ಬಂದೈತಿ, ಬಾಲದಾಗಿಂದು ನಾಕ್ ಹನಿ ಉದರಿಸೇತಿ. ಮಳಿ ಅಂದ್ರ ಹಸ್ತಾ ಮಳಿ. ನಾ ಅಂದಿದ್ದು ಅದಕ್ಕ.”

ನಕ್ಷತ್ರ ಹಿಡಿದು ಮಳೆಗೆ ಹೆಸರಿಡುವ ಸೀಮೆಯ ಹೆಂಗಸು. ಆ ದಿನ ಅವಳು ಆ ಲೆಕ್ಕವನ್ನು ನನ್ನ ಪರವಾಗಿ ತಿರುಗಿಸಿದಳು. ಹಸ್ತಕ್ಕೆ ಇನ್ನೂ ಏಳು ದಿನವಿತ್ತು. ಫಕೀರಪ್ಪ ನಂಬದವನ ಹಾಗೆ ಅವಳ ಮುಖ ನೋಡಿದ. ಅವಳು ಇನ್ನೊಂದು ರೊಟ್ಟಿ ಬಡಿಯುತ್ತಾ, ತಲೆಯೆತ್ತದೆ, ನಿಜವಾದ ಮಾತಿಗೆ ಬಂದಳು.

“ಆದ್ರ ಮೇಸ್ತ್ರಿ ಬದಲಿ ಆಗಬೇಕು.”

“ಅಂದ್ರ?”

“ನಿಮ್ಮಪ್ಪಾರು ಪರಊರಿಗೆ ಕೆಲಸಕ್ಕ ಹ್ವಾದ್ರ ಮೊದಲ ಏನ್ ಮಾಡ್ತಿದ್ರು? ನೀವ ಹೇಳಿದ್ದು ನೆನಪ ಮಾಡ್ಕೋರಿ.”

ಹಂಚಿನ ಮೇಲೆ ಇನ್ನೂ ಎರಡು ಹನಿ ಸುಟ್ಟುಹೋದವು. ದುರಗಪ್ಪ ಮೇಸ್ತ್ರಿ ಯಾವ ಹೊಸ ಊರಿಗೆ ಹೋದರೂ ಸಲಿಕೆ ಮುಟ್ಟುವ ಮೊದಲು ಅಲ್ಲಿನ ಹಿರಿಯರ ಮುಂದೆ ಕೂತು ಎಲೆ ಅಡಿಕೆ ಹಾಕಿಕೊಂಡು, ‘ನಿಮ್ಮ ಮಣ್ಣು ಏನ್ ಬೇಡತೈತ್ರಿ?’ ಎಂದು ಕೇಳುತ್ತಿದ್ದನಂತೆ. ಹೊಟ್ಟೆಷ್ಟು, ನೀರೆಷ್ಟು, ಬಡಿತವೆಷ್ಟು ಎಲ್ಲ ಆಮೇಲಿನ ಮಾತು. ಮಗ ಕೊಡತಿಯನ್ನು ನೆನಪಿಟ್ಟುಕೊಂಡು ಆ ಪ್ರಶ್ನೆಯನ್ನು ಮರೆತಿದ್ದ. ಅದು ಅವನಿಗೆ ಆಗ ಅರ್ಥವಾಯಿತು. ತಟ್ಟೆ ಬಿಟ್ಟು ಎದ್ದು, ಹನಿಯುತ್ತಿದ್ದ ಓಣಿ ದಾಟಿ, ಎಂಕಾರ್ನಾಳ ಬಾಗಿಲು ತಟ್ಟಿದ.

“ಸಿನ್ಯೋರಾ, ನಿಮ್ಮ ಮಣ್ಣು ಏನು ಬೇಡುತ್ತದೆ?”

ಎಂಬತ್ತೆರಡರ ಮುದುಕಿ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಇಷ್ಟು ಕೇಳೋಕೆ ಆರು ತಿಂಗಳು ತಗೊಂಡೆಯಾ? ಒಳಗೆ ಬಾ, ನೆನೀತಿದ್ದೀಯ.”

ಮರುದಿನ ಎಂಕಾರ್ನಾ ಕಪ್ಪು ಲಂಗವನ್ನು ಮೇಲೆ ಸಿಕ್ಕಿಸಿಕೊಂಡು ನನ್ನ ಮಾಳಿಗೆಗೆ ಬಂದಳು. ಬಡಿದ ಮಣ್ಣನ್ನೆಲ್ಲ ಕಿತ್ತು ತೆಗೆಯಿರಿ ಎಂದಳು. ಚಪ್ಪಡಿ ಕಾಣುವವರೆಗೆ ತೆಗೆದರು. ನನಗೆ ಬಿಗಿಯಾದ ಟೋಪಿ ಕಳಚಿದಷ್ಟು ಹಾಯೆನಿಸಿತು. ಮುರಿದ ಚಪ್ಪಡಿ ಬದಲಿಸಿ, ಅಂಚಿಗೆ ಉದ್ದನೆಯ ಕಲ್ಲು ಕೂರಿಸಿದರು. ಆಮೇಲೆ ಮುದುಕಿ ತಡೆದಳು.

“ಇನ್ನು ಹುಣ್ಣಿಮೆ ಕಳೀಲಿ. ಚಂದ್ರ ಇಳಿಯೋವಾಗ ಹಾಕಿದ ಮಣ್ಣೇ ನಿಲ್ಲೋದು. ಏರೋ ಚಂದ್ರ ಮಣ್ಣನ್ನ ಎಬ್ಬಿಸ್ತಾನೆ.”

ದ್ಯಾಮವ್ವ ಬೆರಳು ಮಡಿಚಿ ಲೆಕ್ಕ ಹಾಕಿ ಗಾಬರಿಯಾದಳು. ಈ ಹುಣ್ಣಿಮೆಯ ಮುಂದಿನ ಹದಿನೈದು ದಿನ ಅವರ ಕಡೆ ಹಿರಿಯರ ಪಕ್ಷ. ತೀರಿಕೊಂಡವರಿಗೆ ಎಡೆ ಇಡುವ ದಿನಗಳು. ಆಗ ಯಾರೂ ಮನೆಕೆಲಸ ಹಿಡಿಯುವುದಿಲ್ಲ, ಮದುವೆ ಮಾತು ಆಡುವುದಿಲ್ಲ.

“ಹಿರೇರ ಪಕ್ಷದಾಗ ಮ್ಯಾಳಗಿ ಹಾಕ್ತಾರೇನ್ರಿ ಯಾರರ?”

ಫಕೀರಪ್ಪ ಸ್ವಲ್ಪ ಯೋಚಿಸಿದ. “ಮಣ್ಣು ಇವರದು ಅಂದಮ್ಯಾಲ ಚಂದ್ರನೂ ಇವರವನ ಇರ್ಲಿ. ಅಪ್ಪ ಬರೂ ದಿನಾ ಅಲ್ಲೇನು ಅವು? ಬಂದು ನೋಡ್ಲಿ.”

ದ್ಯಾಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬುಟ್ಟಿ ತರಲು ಹೋದಳು.

ಹುಣ್ಣಿಮೆಯ ಎರಡನೆಯ ದಿನ ಮಣ್ಣು ಏರಿತು. ಗುಡ್ಡದಿಂದ ಹೊಸದಾಗಿ ತಂದ ಒಣ ಲೌನಾ. ಎಂಕಾರ್ನಾ ಜರಡಿ ಹಿಡಿದಳು, ದ್ಯಾಮವ್ವ ಬುಟ್ಟಿ ಹೊತ್ತಳು, ಫಕೀರಪ್ಪ ಹರವಿದ. ನೀರಿಲ್ಲ, ಹೊಟ್ಟಿಲ್ಲ, ತುಳಿತವಿಲ್ಲ. ಅಂಗೈಯಿಂದ ಸಮ ಮಾಡುತ್ತಾ ಅಂಚಿನ ಕಡೆ ಒಂದಿಷ್ಟು ಇಳಿಜಾರು ಬಿಡಬೇಕು, ಅಷ್ಟೆ. ಮೂರು ದಿನಕ್ಕೆ ಮುಗಿಯಿತು. ಫಕೀರಪ್ಪನಿಗೆ ಅಸಲು ಕಷ್ಟ ಆಮೇಲೆ ಶುರುವಾಯಿತು.

“ಇನ್ನು?” ಎಂದು ಕೇಳಿದ.

“ಇನ್ನು ಸುಮ್ಮನಿರು. ಬಡಿಯೋದು ಮಳೆಯ ಕೆಲಸ.”

ಅವನ ಕೈ ಸುಮ್ಮನಿರಲಿಲ್ಲ. ಗುಪ್ಪೆಗುಪ್ಪೆಯಾಗಿ ಸಡಿಲವಾಗಿ ಕೂತ ಮಣ್ಣನ್ನು ನೋಡಿದಾಗಲೆಲ್ಲ ಅವನ ಬೆರಳು ಕೊಡತಿಯನ್ನು ಹುಡುಕುತ್ತಿದ್ದವು. ಇಂಥ ಸಡಿಲ ಮಣ್ಣು ನೀರು ತಡೆಯುತ್ತದೆಂದು ಅವನ ಬುದ್ಧಿ ಒಪ್ಪಲಿಲ್ಲ. ಒಂದು ಬೆಳಿಗ್ಗೆ ಕೊಡತಿ ಕಾಣಲಿಲ್ಲ. ಮನೆಯೆಲ್ಲ ತಡಕಾಡಿ ಕೊನೆಗೆ ಒಲೆಯಲ್ಲಿ ಅದರ ಹಿಡಿ ಉರಿಯುವುದನ್ನು ಕಂಡ. ದ್ಯಾಮವ್ವ ಅದರ ಮೇಲೆ ಚಹಾ ಕುದಿಸುತ್ತಿದ್ದಳು. “ಕಟಿಗಿ ಛಲೋ ಐತ್ರಿ, ಹೊಗಿ ಇಲ್ಲ” ಎಂದು ಅವನಿಗೆ ಲೋಟ ಕೊಟ್ಟಳು. ಅವನು ಕುಡಿದ.

ಅಕ್ಟೋಬರ್ ನಾಲ್ಕರ ಬೆಳಿಗ್ಗೆ ಕಣಿವೆಯ ಕಡೆಯಿಂದ ಕಪ್ಪು ಮೋಡ ಎದ್ದಿತು. ಹಂಚಿನ ಮೇಲೆ ಹನಿ ಬಿದ್ದ ಸುದ್ದಿ ಊರಲ್ಲಿ ಹರಡಿತ್ತಲ್ಲ, ರಾಮಿರೋ ಹೇಳಿದಂತೆ ಮರುದಿನವೇ ಬಂದು ಕೇಳಿದ್ದ. ‘ಅಕ್ಟೋಬರಿನ ಮೊದಲ ಮಳೆಗೆ ಬಾ, ಒಳಗೆ ನಿಂತು ನೀನೇ ನೋಡು’ ಎಂದು ದ್ಯಾಮವ್ವ ಅವನನ್ನು ಕಳಿಸಿದ್ದಳು. ಮಾತಿಗೆ ತಪ್ಪದೆ ಕೊಡೆ ಹಿಡಿದು ಬಂದ. ಎಂಕಾರ್ನಾ ಬಂದು ಒಲೆಯ ಪಕ್ಕದ ಮಣೆಯ ಮೇಲೆ ಕೂತಳು. ಮಳೆ ಹಿಡಿಯಿತು.

ಅದು ಹಸ್ತದ ಮಳೆಯೇ ಸರಿ. ಮೇಲಿನ ಓಣಿ ಹಳ್ಳವಾಯಿತು. ನನ್ನ ನೆತ್ತಿಯ ಮೇಲೆ ಬಿದ್ದ ನೀರು ಮೊದಲು ಒಣಮಣ್ಣಿನೊಳಗೆ ಸುರ್ರೆಂದು ಇಳಿಯಿತು. ಲೌನಾಗೆ ಮೊದಲ ಕಾಲು ಗಂಟೆಯೇ ಪರೀಕ್ಷೆ. ಮೇಲಿನ ಪದರ ನೆನೆದು, ಉಬ್ಬಿ, ಕಣಕ್ಕೆ ಕಣ ಹತ್ತಿ ಬಾಯಿ ಮುಚ್ಚಿಕೊಳ್ಳುವ ಹೊತ್ತಿಗೆ ನೀರು ಕೆಳಗಿಳಿದಿರಬಾರದು. ಕೆಳಗೆ ನಾಲ್ವರಲ್ಲಿ ಮೂವರು ತಲೆಯೆತ್ತಿ ನಿಂತಿದ್ದರು. ಎಂಕಾರ್ನಾ ಮಾತ್ರ ರೊಟ್ಟಿ ತಿನ್ನುತ್ತಿದ್ದಳು.

ಒಲೆಯ ಮೇಲಿನ ಜಂತಿ ಕಪ್ಪಾಯಿತು. ಮೊದಲು ರುಪಾಯಿಯಗಲ, ಆಮೇಲೆ ಅಂಗೈಯಗಲ. ಅದರ ನಡುವೆ ಒಂದು ಹನಿ ಕೂಡಿಕೊಂಡಿತು. ರಾಮಿರೋ ಅದನ್ನು ಕಂಡು ಕೆಮ್ಮಿದ. ದ್ಯಾಮವ್ವ ಎಲ್ಲಮ್ಮನ ಗೂಡಿನ ಕಡೆ ನೋಡಿದಳು. ಫಕೀರಪ್ಪನ ತುಟಿ ಅಲುಗುತ್ತಿದ್ದವು. ‘ಅಪ್ಪಾ’ ಎಂದನೋ ‘ಅವ್ವಾ’ ಎಂದನೋ ನನಗೆ ಕೇಳಿಸಲಿಲ್ಲ, ಮಳೆಯ ಸದ್ದು ಅಷ್ಟಿತ್ತು. ಹನಿ ಉದ್ದವಾಯಿತು. ಇನ್ನೇನು ಕಳಚಬೇಕು.

ಮೇಲೆ ಮಣ್ಣು ಬಿಗಿಯಿತು. ಅದು ನನಗೆ ಸ್ಪಷ್ಟವಾಗಿ ತಿಳಿಯಿತು. ಅಂಚಿನಿಂದ ಅಂಚಿಗೆ ನೆತ್ತಿಯೆಲ್ಲ ಒಟ್ಟಾಗಿ ಮುಚ್ಚಿಕೊಂಡಿತು, ಇಪ್ಪತ್ತಾರು ವರ್ಷದ ಹಿಂದೆ ಮುಚ್ಚಿಕೊಳ್ಳುತ್ತಿದ್ದ ಹಾಗೇ. ನೀರು ಒಳಗಿಳಿಯುವುದು ಬಿಟ್ಟು ಇಳಿಜಾರು ಹಿಡಿದು ಅಂಚಿನ ಕಲ್ಲಿನಿಂದ ಓಣಿಗೆ ಧುಮುಕಿತು. ಕೆಳಗೆ ಹನಿ ನೇತಾಡುತ್ತಲೇ ಇತ್ತು. ಹಿಂದಿನಿಂದ ತಳ್ಳಲು ಇನ್ನೊಂದು ಹನಿ ಬರಲಿಲ್ಲ. ಒಲೆಯ ಬಿಸಿಗೆ ಅದು ಸಣ್ಣಗಾಯಿತು, ಹೊಳಪು ಕಳೆದುಕೊಂಡಿತು, ಒಣಗಿತು. ಮಳೆ ಮಧ್ಯಾಹ್ನದವರೆಗೂ ಸುರಿಯಿತು. ಕೆಳಗೆ ಏನೂ ಬೀಳಲಿಲ್ಲ.

ರಾಮಿರೋ ಕೊಡೆ ತೆಗೆದುಕೊಂಡು, ನನ್ನ ಗೋಡೆಯನ್ನು ಒಮ್ಮೆ ತಟ್ಟಿ, “ಒಳ್ಳೆಯ ಮನೆ” ಎಂದು ಹೊರಟ. ನನಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಫಕೀರಪ್ಪ ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ದ್ಯಾಮವ್ವ ಅವನ ಪಕ್ಕದಲ್ಲಿ ಕೂತು, “ಇನ್ನ ಆ ಮಾಲಗದ ಮನಿ ಖಾಲಿ ಮಾಡಿ ಸಾಮಾನ ತರ್ರಿ” ಎಂದಳು.

ಪಕ್ಷ ಕಳೆದ ಮೇಲಿನ ಭಾನುವಾರ ನನ್ನ ವಾಸ್ತುಶಾಂತಿ ಮಾಡಿದರು. ಭಟ್ಟರಿಲ್ಲ, ಇದ್ದಷ್ಟು ಮಂತ್ರ ಫೋನಿನಲ್ಲಿ ಬಂತು. ದ್ಯಾಮವ್ವ ಹೋಳಿಗೆ ಮಾಡಿದಳು, ಓಣಿಯ ಆರೇಳು ಜನ ಬಂದರು. ಮನೆ ಕಟ್ಟಿದ ಮೇಸ್ತ್ರಿಗೆ ವಾಸ್ತುವಿನ ದಿನ ರುಮಾಲು ಸುತ್ತಿ ಮರ್ಯಾದೆ ಮಾಡುವುದು ಅವರ ಕಡೆಯ ಪದ್ಧತಿ. ಅದಾಗದೆ ಊಟಕ್ಕೆ ಎಲೆ ಹಾಕುವುದಿಲ್ಲ. ಫಕೀರಪ್ಪ ಮಾಲಗದಿಂದ ತಂದ ಹೊಸ ಕೇಸರಿ ಬಟ್ಟೆಯ ಮಡಿಕೆ ಬಿಚ್ಚಿದ. ಅವನು ಅದನ್ನು ಸ್ವಂತ ತಲೆಗೆ ಸುತ್ತಿಕೊಂಡಿದ್ದರೂ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಗೋಡೆಯೆಲ್ಲ ಅವನದೇ ಕೆಲಸವಲ್ಲವೇ. ಅವನು ನೇರವಾಗಿ ಎಂಕಾರ್ನಾಳ ಮುಂದೆ ಹೋಗಿ ನಿಂತ. ಅವಳ ಬಿಳಿ ಕೂದಲಿನ ಸುತ್ತ ಸುತ್ತು ಹಾಕಿ, ತುದಿ ಸಿಕ್ಕಿಸಿ, ಬಗ್ಗಿ ಕಾಲು ಮುಟ್ಟಿದ.

ಮುದುಕಿಗೆ ಏನೆಂದು ತಿಳಿಯಲಿಲ್ಲ. ದ್ಯಾಮವ್ವ ಬಿಡಿಸಿ ಹೇಳಿದಳು. ತಿಳಿದ ಮೇಲೆ ಎಂಕಾರ್ನಾ ಬಹಳ ಹೊತ್ತು ರುಮಾಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

“ಅರವತ್ತು ವರ್ಷ ಈ ಊರಿನ ಮಾಳಿಗೆಗಳಿಗೆ ಮಣ್ಣು ಹೊತ್ತಿದ್ದೀನಿ, ಜರಡಿ ಹಿಡಿದಿದ್ದೀನಿ” ಎಂದಳು. “ಮೇಸ್ತ್ರಿ ಅಂತ ಜನ ಕರೆದದ್ದು ನನ್ನ ಗಂಡನ್ನ. ನನ್ನನ್ನ ಯಾರೂ ಕರೀಲಿಲ್ಲ.”

ನಾನೂ ಕರೆದಿರಲಿಲ್ಲ. ನನ್ನ ನೆತ್ತಿಯ ಮೇಲೆ ಅವಳ ಹೆಜ್ಜೆ ಎಷ್ಟು ಸಲ ಆಡಿತ್ತೋ ಲೆಕ್ಕವಿಲ್ಲ. ಮೇಸ್ತ್ರಿ ಎಂದಾಗ ಒಮ್ಮೆಯೂ ಅವಳ ಹೆಸರು ನನ್ನ ಮನಸ್ಸಿಗೆ ಬಂದಿರಲಿಲ್ಲ. ಇನ್ನೂರು ವರ್ಷ ಬಾಳಿದ ಮನೆಗೂ ಕಲಿಯಲು ಇನ್ನೂ ಇರುತ್ತದೆ ಎಂದು ಅಂದು ನಾಚಿಕೆಯಾಯಿತು.

ಈಗ ನನಗೆ ಚಿಂತೆಯಿಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ನೆತ್ತಿಗೆ ಹೊಸ ಮಣ್ಣು ಬೇಕಾಗುತ್ತದೆ. ಮುದುಕಿ ಹೋದ ಮೇಲೆ ಫಕೀರಪ್ಪನಿಗೆ ಗೊತ್ತಿರುತ್ತದೆ, ಅವನೂ ಹೋದ ಮೇಲೆ ಅವನನ್ನು ಬಂದು ಕೇಳಿದವರಿಗೆ ಗೊತ್ತಿರುತ್ತದೆ. ಕೇಳುವವರು ಬರುತ್ತಾರೆ. ಕಳೆದ ತಿಂಗಳು ಕೆಳಗಿನ ಊರಿನ ಗಂಡಹೆಂಡಿರು ಬಂದು ಅವನ ಮುಂದೆ ಕೂತಿದ್ದರು. ಅವನು ಮೊದಲು ಅವರನ್ನು ಎಂಕಾರ್ನಾಳ ಮನೆಗೆ ಕರೆದುಕೊಂಡು ಹೋದ.

ವಾಸ್ತುವಿನ ಆ ದಿನ ರುಮಾಲು ಸುತ್ತಿಕೊಂಡೇ ಎಂಕಾರ್ನಾ ಹೋಳಿಗೆಗೆ ಕೂತಳು. ಎಲ್ಲರ ತಟ್ಟೆಗೂ ತುಪ್ಪ ಬಿತ್ತು. ದ್ಯಾಮವ್ವ ತನ್ನ ಅವ್ವ ಹೋಳಿಗೆ ಲಟ್ಟಿಸುವ ಬಗೆಯನ್ನು ಅವಳಿಗೆ ವಿವರಿಸುತ್ತಿದ್ದಳು, ಫಕೀರಪ್ಪ ನಡುನಡುವೆ ತಪ್ಪು ತಿದ್ದಲು ಹೋಗಿ ಬೈಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಹೊರಗೆ ಮತ್ತೆ ಮಳೆ ಶುರುವಾಯಿತು. ಯಾರೂ ತಲೆಯೆತ್ತಿ ನೋಡಲಿಲ್ಲ.